ಕೆಂಪು ಗುಂಡಿಯ ಮೂರನೇ ಕಾಲು

ಭತ್ತದ ಕುಯ್ಲು ಮುಗಿದು ಕಬ್ಬಿನ ಕೆಲಸ ಜೋರಾಗಿದ್ದ ಕಾಲ. ಹೊಳಲಿನ ಆಲೆಮನೆಯಲ್ಲಿ ಬೆಳಿಗ್ಗೆ ಹಚ್ಚಿದ ಒಲೆ ಮಧ್ಯಾಹ್ನ ಕಳೆದರೂ ಆರಿರಲಿಲ್ಲ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ವಾಸನೆ, ಕಬ್ಬಿನ ಸಿಪ್ಪೆಯ ಹೊಗೆ, ಎರಡೂ ಪಕ್ಕದಲ್ಲಿದ್ದ ಮಹದೇವುವಿನ ಶೆಡ್ಡಿನೊಳಕ್ಕೆ ನುಗ್ಗಿ ಅಲ್ಲೇ ಕೂತಿದ್ದವು. ಹೊರಗೆ ಹೋಗಲು ಅವಕ್ಕೂ ದಾರಿಯಿರಲಿಲ್ಲ. ಷಟರನ್ನು ಅರ್ಧಕ್ಕೆ ಇಳಿಸಿ, ಅದರಡಿಯಲ್ಲಿ ಸ್ಟೂಲು ಹಾಕಿಕೊಂಡು ಕಾನ್‌ಸ್ಟೇಬಲ್ ಸ್ವಾಮಿ ಕಾಲು ಚಾಚಿ ಕೂತಿದ್ದ.

"ನಿಲ್ಲಿಸ್ಬೇಡಿ. ಹೊನ್ನಯ್ಯನ ಪೆಟ್ಟಿಗೆಗೆ ಹೆಂಗೆ ಮಾಡಿದ್ರೋ ಹಂಗೇ ಮಾಡಿ ತೋರಿಸಿ," ಎಂದಳು ಎಸ್‌ಐ ಶ್ವೇತ.

ಮದ್ದೂರಿನ ಹೋಟೆಲ್ ಮಾಲೀಕ ಹೊನ್ನಯ್ಯ, ಮಹದೇವು ಕಟ್ಟಿಕೊಟ್ಟ ವಿಡಿಯೋ ಗೇಮ್ ಪೆಟ್ಟಿಗೆಯ ಮೇಲೆ ಕೈಯಿಟ್ಟವನು ಕರೆಂಟು ಹೊಡೆದು ಅಲ್ಲೇ ಸತ್ತಿದ್ದ. ನಾಳೆ ಅವನ ತಿಥಿ.

ಮಹದೇವು ತಲೆ ತಗ್ಗಿಸಿ ಕೆಲಸ ಮುಂದುವರಿಸಿದ. ಪ್ಲೈವುಡ್ ಹಲಗೆ, ಅದರ ಮೇಲೆ ತೆಳು ತಗಡು, ತಗಡಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಸುತ್ತುಗಳು. ಬಾಗಿಲಿಗೆ ಬೀಗ ಕೂರಿಸುವಾಗ ತೂತು ಕೊರೆಯುವ ಬಿಟ್ಟನ್ನೇ ಡ್ರಿಲ್ಲಿಗೆ ಸಿಕ್ಕಿಸಿ ಒಂದೊಂದಾಗಿ ಕೊರೆದ. ತೂತಿನ ಅಂಚಿಗೆ ಅರ ಆಡಿಸಿ ತರಿ ತೆಗೆದ. ಹಳದಿ ಗುಂಡಿಯೊಂದನ್ನು ಮೇಲಿನಿಂದ ಇಳಿಸಿದ. ಹಲಗೆ ಮಗುಚಿ, ಹಿಂಬದಿಯ ಪ್ಲಾಸ್ಟಿಕ್ ನಟ್ಟನ್ನು ಬರೀ ಬೆರಳಲ್ಲಿ ತಿರುಗಿಸಿ ಬಿಗಿ ಮಾಡಿದ.

"ಸ್ಪ್ಯಾನರ್ ಹಾಕಲ್ವಾ?"

"ಹಾಕುದ್ರೆ ಎಳೆ ಹರ್ಕತವೆ ಮೇಡಂ. ಪ್ಲಾಸ್ಟಿಕ್ಕು. ಕೈ ಬಿಗಿನೇ ಸಾಕು."

"ಗುಂಡಿ ಒತ್ತಕ್ಕೋಗಿ ಗುಂಡಿ ಸೇರ್ದ ಅಂತ ಮದ್ದೂರ್ನಾಗೆಲ್ಲ ಆಡ್ಕತಾವ್ರೆ," ಎಂದ ಸ್ವಾಮಿ, ಯಾರನ್ನೂ ನೋಡದೆ. ಯಾರೂ ನಗಲಿಲ್ಲ. ಅವನು ಕೆಮ್ಮಿದಂತೆ ಮಾಡಿ ಆಲೆಮನೆಯ ಕಡೆ ಮುಖ ತಿರುಗಿಸಿದ.

ಗುಂಡಿಯ ಬುಡಕ್ಕೆ ಮಹದೇವು ಕಪ್ಪು ಸ್ವಿಚ್ಚನ್ನು ಚಟಕ್ಕೆಂದು ಕೂರಿಸಿದ. ಬೆಂಕಿಪೊಟ್ಟಣದ ಅರ್ಧ ಗಾತ್ರದ ಸ್ವಿಚ್ಚು. ಅದಕ್ಕೆ ಮೂರು ಕಾಲು.

"ಮೂರಿದ್ದಾವೆ. ತಂತಿ ಎರಡೇ. ಯಾವುದಕ್ಕೆ?"

"ಇದು ಎಲ್ಲಾದ್ಕೂ ಸೇರಿದ್ದು," ಎಂದು ಮಹದೇವು ಮೊದಲ ಕಾಲು ಮುಟ್ಟಿದ. "ಇದು ಒತ್ತುದಾಗ ಕೂಡ್ಸೋ ಕಾಲು. ಗೇಮಿಗೆ ಇವೆರಡೇ ಬೇಕಾಗಾದು. ಆ ಮೂರ್ನೇದು ಒತ್ತುದಾಗ ಬುಡ್ಸೋ ಕಾಲು. ಅದುನ್ನ ನಾವು ಮುಟ್ಟಾಕಿಲ್ಲ."

ಕಾದ ಸೋಲ್ಡರ್ ಕಡ್ಡಿಯ ತುದಿಯಿಂದ ಬೆಳ್ಳಗೆ ಒಂದು ತೊಟ್ಟು ಸೀಸ ಕರಗಿ, ತಂತಿಯ ತುದಿಯನ್ನು ಕಾಲಿಗೆ ಕಚ್ಚಿಸಿತು. ಶ್ವೇತ ಅವನ ಮುಖವನ್ನಲ್ಲ, ಬೆರಳುಗಳನ್ನು ನೋಡುತ್ತಿದ್ದಳು. ಎಡಗೈಯ ಕೊನೆಯ ಎರಡು ಬೆರಳು ಮಡಿಸುತ್ತಿರಲಿಲ್ಲ. ಉಳಿದವು ಅವುಗಳ ಕೆಲಸವನ್ನೂ ಮಾಡುತ್ತಿದ್ದವು.

"ಗೇಮಿನ ಗುಂಡೀಲಿ ಎಷ್ಟು ಕರೆಂಟು ಓಡುತ್ತೆ?"

"ಟಾರ್ಚಿನ ಸೆಲ್ಲಷ್ಟು. ಮಗು ನಾಲ್ಗೆ ಇಟ್ರೂ ಏನೂ ಆಗಾಕಿಲ್ಲ."

"ಹೊನ್ನಯ್ಯನಿಗೆ ಆಯ್ತಲ್ಲ."

ಮಹದೇವು ಕಡ್ಡಿಯನ್ನು ಅದರ ಸ್ಟ್ಯಾಂಡಿಗೆ ಸಿಕ್ಕಿಸಿದ.

"ನೋಡಿ ಮಹದೇವು," ಶ್ವೇತ ಕುರ್ಚಿಯನ್ನು ಮುಂದಕ್ಕೆ ಎಳೆದಳು. "ಹೊನ್ನಯ್ಯನ ಕಡೆಯೋರು ದಿನಾ ಸ್ಟೇಷನ್ ಮುಂದೆ ಬಂದು ಕೂರ್ತಿದ್ದಾರೆ. ಪೆಟ್ಟಿಗೆ ಕಟ್ಟಿದವನನ್ನ ಇನ್ನೂ ಯಾಕೆ ಹಿಡಿದಿಲ್ಲ ಅಂತ ಕೇಳ್ತಿದ್ದಾರೆ. ಯಾವ ದನಿಯಲ್ಲಿ ಕೇಳ್ತಾರೆ, ಏನಂತ ಸೇರಿಸಿ ಕೇಳ್ತಾರೆ ಅನ್ನೋದನ್ನ ನಾನು ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ."

"ಬ್ಯಾಡ ಮೇಡಂ," ಎಂದ ಮಹದೇವು. ಗೋಡೆಯ ಮೇಲೆ ಬಾಬಾಸಾಹೇಬರ ಕ್ಯಾಲೆಂಡರು ಫ್ಯಾನಿನ ಗಾಳಿಗೆ ಹಗುರವಾಗಿ ಬಡಿದುಕೊಳ್ಳುತ್ತಿತ್ತು.

"ಇವತ್ತು ಸಂಜೆ ಒಂದು ಹೆಸರು ಬರ್ಕೊಬೇಕು ನಾನು. ನಿಮ್ಮದಾದರೆ ನಿಮ್ಮದು."

ಅವಳು ಸ್ವಾಮಿಗೆ ಸನ್ನೆ ಮಾಡಿದಳು. ಅವನು ಜೀಪಿನಿಂದ ಬಟ್ಟೆ ಸುತ್ತಿದ ಹಲಗೆಯೊಂದನ್ನು ತಂದು ಬೆಂಚಿನ ಮೇಲಿಟ್ಟ. ಅರಗಿನ ಮುದ್ರೆ ಬಿಡಿಸಿ, ಬಟ್ಟೆ ಸರಿಸಿದ. ಹೊನ್ನಯ್ಯನ ಪೆಟ್ಟಿಗೆಯ ಮೇಲ್ಹಲಗೆ. ಹಳದಿ, ನೀಲಿ, ಬಿಳಿ ಗುಂಡಿಗಳು, ನಡುವೆ ಆಡುವ ಕೋಲು, ಬಲತುದಿಗೆ ಒಂದೇ ಒಂದು ಕೆಂಪು ಗುಂಡಿ. ಅದರ ಪಕ್ಕದಲ್ಲಿ ತಗಡು ಕಂದಿತ್ತು.

"ಸ್ವಾಮಿ, ಮಗುಚಿ ಇಡಿ. ಮಹದೇವು, ಬರೀ ನೋಡಿ. ಮುಟ್ಟೋದು ಬೇಡ."

ಮಹದೇವು ಬಗ್ಗಿದ. ತನ್ನದೇ ಕೆಲಸ ಗುರುತು ಹತ್ತಿತು. ಸಾಲಾಗಿ ಬೆಳ್ಳಗಿನ ಸೀಸದ ತೊಟ್ಟುಗಳು. ಕಣ್ಣು ಬಲಕ್ಕೆ ಸರಿಯುತ್ತಾ ಕೆಂಪು ಗುಂಡಿಯ ಹತ್ತಿರ ಬಂದು ನಿಂತಿತು.

ಅಲ್ಲಿಗೆ ಅವನು ಹಾಕಿದ್ದ ಸಣ್ಣ ತಂತಿಗಳೇ ಇರಲಿಲ್ಲ. ಅವುಗಳ ಜಾಗದಲ್ಲಿ ಮನೆ ವೈರಿಂಗಿನ ದಪ್ಪ ತಂತಿ. ಒಂದು ತುದಿ ಮೊದಲ ಕಾಲಿಗೆ. ಇನ್ನೊಂದು ತುದಿ ಮೂರನೆಯದಕ್ಕೆ. ಗೋಡೆಯಿಂದ ಬರುವ ಕರೆಂಟನ್ನೇ ಯಾರೋ ಈ ಗುಂಡಿಯ ಮೂಲಕ ಹಾಯಿಸಿ ಟಿವಿಗೆ ಕೊಟ್ಟಿದ್ದರು. ಮೂರನೇ ಕಾಲಿನ ತುದಿ ವಾಲಿ ತಗಡಿಗೆ ತಾಗಿತ್ತು.



ಗೇಮು ಕಟ್ಟುವವನು ಯಾರೂ ಹೀಗೆ ಮಾಡುವುದಿಲ್ಲ. ಹೀಗೆ ಮಾಡುವವರು ಬೇರೆ. ಹೊಲದ ಮೋಟಾರಿನ ಸ್ಟಾರ್ಟರ್ ಡಬ್ಬಿಯಲ್ಲಿ ಹಸಿರು ಗುಂಡಿ ಒತ್ತಿದರೆ ಹತ್ತಬೇಕು, ಕೆಂಪು ಒತ್ತಿದರೆ ಆರಬೇಕು. ಅಲ್ಲಿ ಕೆಂಪು ಗುಂಡಿಗೆ ತಂತಿ ಬರುವುದು ಬಿಡಿಸುವ ಕಾಲಿಗೇ. ಅಲ್ಲಿ ಓಡುವುದು ಸೆಲ್ಲಿನ ಕರೆಂಟಲ್ಲ, ಪೂರ್ತಿ ಕರೆಂಟು. ಪಂಪ್‌ಸೆಟ್ಟಿನ ಕೆಲಸದವನ ಕೈಗೆ ಕೆಂಪು ಗುಂಡಿ ಕೊಟ್ಟರೆ ಅದು ತಾನಾಗಿ ಮೂರನೇ ಕಾಲನ್ನು ಹುಡುಕುತ್ತದೆ.

ಅವನಿಗೆ ಗೊತ್ತಿದ್ದ ಪಂಪ್‌ಸೆಟ್ಟಿನ ಕೈ ಒಂದೇ. ಮಾವ ಶಿವಯ್ಯನದು.

ಮಾವ ಈ ಪೆಟ್ಟಿಗೆ ತಯಾರಾಗುವಾಗ ಇಲ್ಲೇ ಕೂತು ನೋಡಿದ್ದ. "ಇದುನ್ನ ಆರ್ಸೋ ಕೆಂಪು ಗುಂಡಿ ಯಾವ್ದಪ್ಪಾ?" ಎಂದು ಕೇಳಿದ್ದ. ಕೆಂಪು ಇದೆ, ಆದರೆ ಅದು ಆಟದ ಬೊಂಬೆ ಎಗರುವುದಕ್ಕೆ ಎಂದಿದ್ದ ಮಹದೇವು. ಶಿವಯ್ಯನಿಗೆ ಅದು ತಲೆಗೇ ಹೋಗಿರಲಿಲ್ಲ. "ಕೆಂಪು ಒತ್ತುದ್ರೆ ಎಗರ್ತದಾ? ಯಾವನಪ್ಪ ಇಂಗ್ ಮಾಡ್ದೋನು? ಯಾವ್ ಮಿಸನ್ನೇ ಆಗ್ಲಿ, ಆರ್ಸಕ್ಕೆ ಒಂದು ಕೆಂಪು ಗುಂಡಿ ಇರ್ಬೇಕು ಕಣಪ್ಪ. ಇಲ್ದೋದ್ರೆ ಅದು ಮಿಸನ್ನಲ್ಲ, ಹುಲಿ."

ಶಿವಯ್ಯ ಹಾಗೆನ್ನಲು ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಮಹದೇವು ಇದೇ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಒಂದು ದಿನ ಅಂಗಿಯ ತೋಳು ಸಿಕ್ಕಿ ಎಡಗೈ ಉರುಳೆಗಳ ನಡುವೆ ಹೊರಟಿತ್ತು. ಸುತ್ತ ಇದ್ದವರೆಲ್ಲ ಕೂಗಿದರು. ಕೂಗದೆ ಓಡಿದವನು ಶಿವಯ್ಯ ಒಬ್ಬನೇ. ಸ್ಟಾರ್ಟರ್ ಡಬ್ಬಿಯ ಕೆಂಪು ಗುಂಡಿಗೆ ಅಂಗೈಯಿಂದ ಬಡಿದಿದ್ದ. ಎರಡು ಬೆರಳು ಮಡಿಸಲಾಗದಂತೆ ಸೆಟೆದವು, ಕೈ ಉಳಿಯಿತು. ಈಗ ಸೋಲ್ಡರ್ ಕಡ್ಡಿ ಹಿಡಿಯುವ, ಹೆಂಡತಿಗೆ ಜಡೆ ಹಾಕಿಕೊಡುವ, ಅನ್ನ ಕಲಸುವಾಗ ತಟ್ಟೆ ಹಿಡಿದುಕೊಳ್ಳುವ ಆ ಎಡಗೈ ಮಾವ ಕೊಟ್ಟದ್ದು.

ಕೋಲು ಬಿಗಿಯಾಗಿದೆಯೆಂದು ಹೊನ್ನಯ್ಯನ ತಮ್ಮ ಮರಿಸಿದ್ದಯ್ಯ ಪೆಟ್ಟಿಗೆಯನ್ನು ಲಗೇಜ್ ಆಟೋದಲ್ಲಿ ವಾಪಸು ತಂದದ್ದು ನೆನಪಾಯಿತು. ಅವತ್ತು ಬೆಳಿಗ್ಗೆಯೇ ಎಣ್ಣೆ ಬಿಟ್ಟು ಸರಿಮಾಡಿ, ಮಹದೇವು ಪ್ಲೈವುಡ್ ತರಲು ಮಳವಳ್ಳಿಗೆ ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಮರಿಸಿದ್ದಯ್ಯ ಪೆಟ್ಟಿಗೆ ಒಯ್ದಾಗಿತ್ತು. ಶೆಡ್ಡಿನ ಜಗಲಿಯ ಮೇಲೆ ಮಾವ ಬೀಡಿ ಸೇದುತ್ತಾ ಕೂತಿದ್ದ.

"ಇದು ನಿಮ್ಮ ಕೈಕೆಲಸಾನಾ?" ಶ್ವೇತ ಕೇಳಿದಳು.

ಅಲ್ಲ ಎಂದರೆ ಅವನು ಬದುಕಿಕೊಳ್ಳುತ್ತಾನೆ. ಹಾಗಾದರೆ ಯಾರದು ಎಂದು ಅವಳು ಮುಂದಿನ ಮಾತು ಕೇಳುತ್ತಾಳೆ.

"ನಂದೇ ಮೇಡಂ."

"ಸರಿಯಾಗಿ ನೋಡಿ ಹೇಳಿ."

"ನೋಡ್ದೆ. ನಂದೇ. ಹೊನ್ನಯ್ಯೋರು ಒಂದು ಆರ್ಸೋ ಗುಂಡಿ ಬೇಕು ಅಂದಿದ್ರು. ಒತ್ತುದ್ರೆ ಕರೆಂಟು ಓಗಿ ಬತ್ತದೆ, ಆದ್ರೆ ಆ ಹಳೇ ಟಿವಿ ಒಂದ್ಸಲ ಆರುದ್ರೆ ರಿಮೋಟಿಲ್ದೆ ಹತ್ತಾಕಿಲ್ಲ. ಅದುಕ್ಕೇ ಇಂಗೆ ಮಾಡ್ದೆ. ತಗ್ಡಿಗೆ ತಾಕ್ತದೆ ಅಂತ ಗ್ಯಾನ ಇರ್ನಿಲ್ಲ."

ಶ್ವೇತ ಮೊಬೈಲು ತೆಗೆದು ಬೆಂಚಿನ ಮೇಲೆ ಅವನ ಮುಂದಿಟ್ಟಳು. ಪರದೆಯ ಮೇಲೆ ಕೆಂಪು ಚುಕ್ಕೆ ಮಿನುಗುತ್ತಿತ್ತು. "ಇನ್ನೊಂದು ಸಲ. ಊರು, ತಂದೆ ಹೆಸರು ಸೇರಿಸಿ."

ಅವನು ಹೇಳಿದ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ಹೇಳಿ ಮುಗಿದ ಮೇಲೆ ಒಂದು ಗಳಿಗೆ ಎದೆ ಹಗುರಾಯಿತು. ಮಾವನಿಗೆ ಕೊಡಬೇಕಾಗಿದ್ದನ್ನು ಕೊಟ್ಟೆ ಅಂದುಕೊಂಡ.

ಶ್ವೇತ ಮೊಬೈಲನ್ನು ಜೇಬಿಗೆ ಹಾಕಿಕೊಂಡಳು. ಎದ್ದು ಹೋಗಲಿಲ್ಲ.

"ಬೆಳಿಗ್ಗೆ ಫಸ್ಟ್ ಬಸ್ಸಿಗೆ ಮಂಡ್ಯದಿಂದ ಒಬ್ಬರು ಸ್ಟೇಷನ್ನಿಗೆ ಬಂದಿದ್ರು. ನಿಮ್ಮ ಮಾವ. ಕೆಂಪು ಗುಂಡಿಗೆ ತಂತಿ ಕೊಟ್ಟೋನು ನಾನೇ, ಅಳೀಮಯ್ಯನ್ನ ಬುಟ್ಬುಡಿ ಅಂದ್ರು."

ಮಹದೇವು ಬೆಂಚಿನ ಅಂಚು ಹಿಡಿದುಕೊಂಡ.

"ನಾನು ಅವರಿಗೂ ಒಂದು ಗುಂಡಿ, ಒಂದು ತಂತಿ ಕೊಟ್ಟೆ. ಮೂರನೇ ಕಾಲಿಗೇ ಹಾಕಿದ್ರು, ಅದರಲ್ಲಿ ಮೋಸ ಇಲ್ಲ. ಆದರೆ ತಂತಿ ಸಿಪ್ಪೆನ ಹಲ್ಲಲ್ಲಿ ಕಚ್ಚಿ ಸುಲಿದ್ರು. ಬರೀ ಎಳೆನ ಕಾಲಿಗೆ ಸುತ್ತಿ, ಮೇಲೆ ಟೇಪು ಸುತ್ತಿದ್ರು. ನೀವು ಸೀಸ ಹಾಕ್ತೀರಿ. ಇಲ್ಲಿ ನೋಡಿ."

ಅವಳ ಪೆನ್ನಿನ ತುದಿ ಕೆಂಪು ಗುಂಡಿಯ ಮೂರನೇ ಕಾಲಿನ ಹತ್ತಿರ ನಿಂತಿತು. ಅಲ್ಲಿ ಸೀಸವೂ ಇರಲಿಲ್ಲ, ಟೇಪೂ ಇರಲಿಲ್ಲ. ತಂತಿಯ ತುದಿಗೆ ಹಿತ್ತಾಳೆಯ ಪುಟ್ಟ ಟರ್ಮಿನಲ್ಲೊಂದನ್ನು ತೊಡಿಸಿ, ಇಕ್ಕಳದಿಂದ ಅಮುಕಿ, ಕಾಲಿಗೆ ಸಿಕ್ಕಿಸಿತ್ತು. ಅಮುಕಿದ ಗುರುತು ಅಚ್ಚಿನಲ್ಲಿ ತೆಗೆದ ಹಾಗೆ ನೇರವಾಗಿತ್ತು. ಒಂದು ಎಳೆಯೂ ಹೊರಗೆ ಇಣುಕಿರಲಿಲ್ಲ.

"ಒಂದೇ ತಂತಿನ ಹಾಕಿದ್ದು ನಾನೇ ಅಂತ ಇಬ್ಬರೂ ಒಪ್ಕೊಂಡಿದ್ದೀರಿ. ಇದು ಇಬ್ಬರ ಕೈಯೂ ಅಲ್ಲ. ನಿಮ್ಮ ಮನೇಲಿ ತಂತಿ ಕೆಲಸ ಬರೋರು ಇನ್ಯಾರಿದ್ದಾರೆ?"

"ಯಾರೂ ಇಲ್ಲ," ಎಂದ ಮಹದೇವು. ಬೇಗ ಎಂದುಬಿಟ್ಟ. ಅಷ್ಟು ಬೇಗ ಎನ್ನಬಾರದಿತ್ತು.

ಹೊರಗೆ ಚಪ್ಪಲಿ ಸದ್ದಾಯಿತು. "ಸ್ವಲ್ಪ ಕಾಲ್ ತಗೀರಣ್ಣ," ಎಂಬ ದನಿ. ಸ್ವಾಮಿ ಕಾಲು ಮಡಿಸಿದ. ಷಟರಿನಡಿ ಬಗ್ಗಿ ಒಳಗೆ ಬಂದವಳು ಮಹದೇವುವಿನ ಹೆಂಡತಿ ಮಂಜುಶ್ರೀ. ಬೆಳಗಿನ ಪಾಳಿ ಮುಗಿಸಿ ಕಾರ್ಖಾನೆ ಬಸ್ಸಿಳಿದು ನೇರ ಬಂದಿದ್ದಳು. ಕತ್ತಿನಲ್ಲಿ ಇನ್ನೂ ಗುರುತಿನ ಚೀಟಿ ತೂಗುತ್ತಿತ್ತು.

"ಏನಾಯ್ತು? ಜೀಪ್ನಾಗೆ ಅಪ್ಪ ಕೂತದೆ. ಮಾತಾಡ್ಸುದ್ರೆ ಮುಖ ಎತ್ತಾಕಿಲ್ಲ."

"ಬಾಮ್ಮ, ಕೂತ್ಕೊ," ಎಂದಳು ಶ್ವೇತ. "ಎಲ್ಲಿ ಕೆಲಸ?"

"ಮದ್ದೂರ್ ಆಚೆ ಮೇಡಂ. ಗಾಡಿಗಳಿಗೆ ಹಾಕೋ ವೈರ್ ಮಾಡ್ತಾರಲ್ಲ, ಆ ಕಾರ್ಖಾನೆ."

"ಏನು ಮಾಡ್ತೀಯ ಅಲ್ಲಿ?"

ಮಹದೇವು ಅವಳ ಕಣ್ಣು ಹಿಡಿಯಲು ನೋಡಿದ. ಅವಳು ಬ್ಯಾಗನ್ನು ಹೆಗಲಿಂದ ಇಳಿಸುತ್ತಿದ್ದಳು.

"ವೈರ್ ತುದೀಗೆ ಟರ್ಮಿನಲ್ ಕಚ್ಸೋದು," ಎಂದು ಹೇಳಿ ತಲೆ ಎತ್ತಿದಳು. ಗಂಡನ ಮುಖ ಕಂಡಿತು. ಬೆಂಚಿನ ಮೇಲಿನ ಹಲಗೆ ಕಂಡಿತು. ಬ್ಯಾಗು ಕೈಯಲ್ಲೇ ಉಳಿಯಿತು.

ಆಲೆಮನೆಯ ಗಾಣ ಒಂದೇ ಸಮ ಗುಂಯ್ಗುಡುತ್ತಿತ್ತು.

ಶ್ವೇತ ಪ್ಲಾಸ್ಟಿಕ್ ಕವರಿನಿಂದ ಒಂದು ತುಂಡು ತಂತಿ, ಹಿತ್ತಾಳೆ ಟರ್ಮಿನಲ್ಲು, ಹೊಸ ಇಕ್ಕಳ ತೆಗೆದು ಅವಳ ಮುಂದೆ ಸಾಲಾಗಿ ಇಟ್ಟಳು. "ಒಂದು ಕಚ್ಚಿಸಿ ತೋರಿಸು."

"ಅವ್ಳಿಗ್ಯಾಕೆ ಮೇಡಂ? ನಾನು ಒಪ್ಕಂಡ್ನಲ್ಲ."

"ನೀವು ಸುಮ್ನಿರಿ."

ಮಂಜುಶ್ರೀ ಕೂತಳು. ಇಕ್ಕಳ ಎತ್ತಿಕೊಂಡಳು. ತಂತಿಯ ಸಿಪ್ಪೆ ಸುಲಿಯಲು ಹೋಗಿ ಅರ್ಧ ಎಳೆಗಳನ್ನೇ ಕತ್ತರಿಸಿದಳು. ಉಳಿದ ಎಳೆಗಳನ್ನು ಟರ್ಮಿನಲ್ಲಿಗೆ ತೂರಿಸುವಾಗ ನಾಲ್ಕು ಹೊರಗೆ ಉಳಿದವು. ಅಡ್ಡಡ್ಡವಾಗಿ ಅಮುಕಿದಳು. ಎಳೆದರೆ ಕೈಗೆ ಬರುವಂತಿತ್ತು. ಹಾಗೇ ಬೆಂಚಿನ ಮೇಲಿಟ್ಟಳು.



ಶ್ವೇತ ಆ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ದಿನವೆಲ್ಲಾ ಮಾಡೋ ಕೆಲಸ ಇಷ್ಟು ಕೆಟ್ಟದಾಗಿ ಹೆಂಗಮ್ಮ ಬಂತು?"

ಮಂಜುಶ್ರೀ ಗುರುತಿನ ಚೀಟಿಯನ್ನು ಕತ್ತಿನಿಂದ ತೆಗೆದು, ಅದರ ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ಮಂಜಾ, ಬ್ಯಾಡ," ಎಂದ ಮಹದೇವು.

"ನೀವ್ ಸುಮ್ಕಿರಿ. ಮೂರ್ ಜನ ಸುಳ್ಳೇಳುದ್ರೆ ಯಾರು ಉಳ್ಕತಾರೆ?" ಅವಳು ಶ್ವೇತಳ ಕಡೆ ತಿರುಗಿದಳು. "ಅಪ್ಪನ್ನ ಬುಡಿ ಮೇಡಂ, ಇವ್ರನ್ನೂ ಬುಡಿ. ಹಾಕ್ದೋಳು ನಾನು. ಅವತ್ತು ನಂಗೆ ರಜೆ. ಅಪ್ಪ ಒಂದೇ ಸಮ ಗೊಣಗ್ತಾ ಕೂತಿತ್ತು, ಆರ್ಸಕ್ಕೆ ಗುಂಡಿ ಇಲ್ಲ, ಗುಂಡಿ ಇಲ್ಲ ಅಂತ. ಇವ್ರ ಕೈ ಗಾಣಕ್ಕೆ ಓದಾಗ ನಾನೂ ಅಲ್ಲೇ ಇದ್ದೆ. ಚಿಕ್ಕೋಳಿಂದ ಅಪ್ಪ ಮೋಟ್ರು ಬಿಚ್ಚುದಾಗೆಲ್ಲ ಬ್ಯಾಟ್ರಿ ಹಿಡ್ದೋಳು, ನಂಗೆ ಗೊತ್ತಿಲ್ವಾ ಕೆಂಪು ಎಲ್ಲಿಗೆ ಹಾಕ್ಬೇಕು ಅಂತ. ಮರಿಸಿದ್ದಯ್ಯೋರು ಬಂದಾಗ ಒತ್ತಿ ತೋರ್ಸಿ, ಹಲ್ಗೆ ಬಿಚ್ಚಿ, ಯಾವ್ ಕಾಲ್ನಾಗೆ ಕರೆಂಟು ಓಡ್ತದೆ ಅಂತ್ಲೂ ಏಳಿ ಕಳ್ಸಿದ್ದೆ."

"ತಗಡಿಗೆ ತಾಗಿತ್ತಲ್ಲ."

"ಎಲ್ಲಿ?"

ಶ್ವೇತ ಪೆನ್ನಿನಿಂದ ತೋರಿಸಿದಳು. ಮಂಜುಶ್ರೀ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಮುಖದ ಮೇಲಿದ್ದ ಗಾಬರಿ ಇಳಿದುಹೋಯಿತು. ಅಲ್ಲಿ ಈಗ ಇದ್ದದ್ದು ಕಾರ್ಖಾನೆಯ ಲೈನಿನಲ್ಲಿ ಕೆಲಸಕ್ಕೆ ಕೂತವಳ ಮುಖ.

"ನೀಲಿ ತೊಗ್ಲು ಎಲ್ಲಿ?"

"ಯಾವ ತೊಗಲು?"

"ಟರ್ಮಿನಲ್ ಮೇಲೆ ಪ್ಲಾಸ್ಟಿಕ್ ತೊಗ್ಲು ಬತ್ತದೆ ಮೇಡಂ, ನೀಲಿದು. ತಾಕ್ದೆ ಇರ್ಲಿ ಅಂತ್ಲೇ ಹಾಕಾದು. ಎಲ್ಡಕ್ಕೂ ಹಾಕಿದ್ದೆ. ಇದ್ಕದೆ ನೋಡಿ." ಮೊದಲ ಕಾಲಿನ ಮೇಲೆ ನಿಜವಾಗಿಯೂ ನೀಲಿ ಕವಚವೊಂದಿತ್ತು. "ಇದು ಬೋಳು. ಅದು ತಾನಾಗಿ ಕಳಚ್ಕಳಾಕಿಲ್ಲ. ಬ್ಲೇಡಾಕಿ ಸೀಳ್ಬೇಕು. ಈ ಕಾಲೂ ನೆಟ್ಟಗಿತ್ತು, ಯಾರೋ ಬಗ್ಸವ್ರೆ."

ಶ್ವೇತ ಮೊದಲ ಸಲ ಕುರ್ಚಿಯಿಂದ ಎದ್ದಳು. ತಾನೂ ಬಗ್ಗಿ ನೋಡಿದಳು.

"ನಿನ್ನ ಮಾತು ಹೆಂಗೆ ನಂಬೋದು?"

"ನಂಬಬ್ಯಾಡಿ. ಹೋಟ್ಲಾಗೆ ಹುಡುಕಿ. ಸೀಳುದ್ ತೊಗ್ಲು ಚೋಟುದ್ದ ಇರಾಕಿಲ್ಲ. ಆ ಪೆಟ್ಗೆ ಇಟ್ಟಿದ್ ಮೂಲೇಲೇ ಎಲ್ಲೋ ಬಿದ್ದಿರ್ತದೆ. ಅದು ಸಿಕ್ಕುದ್ರೆ ನಾವು ಉಳ್ಕತೀವಿ. ಇಲ್ದೋದ್ರೆ ಇಲ್ಲ."

ಶ್ವೇತ ಷಟರಿನ ಕಡೆ ತಿರುಗಿದಳು. "ಸ್ವಾಮಿ, ಹೋಟೆಲಿಗೆ ನಾವು ಹಾಕಿರೋ ಬೀಗದ ಕೈ ತಗೊಳ್ಳಿ. ಈಗಲೇ ಮದ್ದೂರಿಗೆ."

ಸ್ವಾಮಿ ಸ್ಟೂಲಿನಿಂದ ಎದ್ದ. ಜೇಬು ಮುಟ್ಟಿ ನೋಡಿಕೊಳ್ಳಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಬೀಗದ ಕೈ..." ಎಂದ.

"ಕೈ ಎಲ್ಲಿ?"

"ನಾಳೆ ತಿಥಿ ಮೇಡಂ. ಸತ್ ಜಾಗ ತೊಳೀದೆ ಎಡೆ ಇಡಂಗಿಲ್ಲ ಅಂದ್ರು. ನಮ್ಮನೇಲೂ ಅಂಗೇಯ. ಪೆಟ್ಗೆ ಹಲ್ಗೆ ಹೆಂಗೂ ನಾವು ತಂದಿವಿ, ಇನ್ನೇನಿದ್ದಾತು ಅಂತ..." ಅವನ ದನಿ ಇಳಿಯಿತು. "ಬೆಳಿಗ್ಗೆ ಮರಿಸಿದ್ದಯ್ಯೋರಿಗೆ ಕೊಟ್ಬುಟ್ಟೆ. ಬರಾವಾಗ ನೋಡ್ದೆ, ನೀರಾಕಿ ತೊಳೀತಿದ್ರು."

ಶ್ವೇತ ಸ್ವಾಮಿಯನ್ನು ನೋಡಿದಳು, ಆಮೇಲೆ ಬೋಳಾಗಿದ್ದ ಕಾಲನ್ನು. ಬಟ್ಟೆ ಎಳೆದು ಹಲಗೆಗೆ ಸುತ್ತತೊಡಗಿದಳು. ಕೈಗೆ ಅವಸರ ಬಂದಿತ್ತು.

"ಮೇಡಂ," ಎಂದ ಮಹದೇವು. "ಆ ಮೊಬೈಲ್ನಾಗೆ ನಾನೇಳಿದ್ದು... ಅದುನ್ನ ಅಳ್ಸಿ."

"ಅಳಿಸೋಕಾಗಲ್ಲ."

"ಸುಳ್ಳು ಅಂತ ನಿಮ್ಗೇ ಗೊತ್ತಾಯ್ತಲ್ಲ."

"ನನಗೆ ಗೊತ್ತಾಯ್ತು. ಮರಿಸಿದ್ದಯ್ಯ ತೊಳೆದು ಮುಗಿಸೋ ಹೊತ್ತಿಗೆ ನನ್ನ ಹತ್ತಿರ ಉಳಿಯೋದು ಅದೊಂದೇ." ಅವಳು ಷಟರನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿದಳು. "ಜೀಪು ಹತ್ತಿ. ಇಬ್ಬರೂ."

ಜೀಪಿನ ಹಿಂದಿನ ಸೀಟಿನಲ್ಲಿ ಶಿವಯ್ಯ ಮುದುರಿ ಕೂತಿದ್ದ. ಅಳಿಯ ಹತ್ತುವುದನ್ನು ಕಂಡು ಪಕ್ಕಕ್ಕೆ ಸರಿದ. ಹಿಂದೆ ಮಗಳೂ ಹತ್ತುತ್ತಿರುವುದನ್ನು ಕಂಡಾಗ ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

"ಇವ್ಳ್ಯಾಕಪ್ಪಾ?" ಎಂದು ಅಳಿಯನನ್ನು ಕೇಳಿದ. "ನಾನು ಒಪ್ಕಂಡು ಬಂದಿವ್ನಲ್ಲ. ಇವ್ಳ್ಯಾಕೆ?"

ಮಹದೇವು ಎಡಗೈ ಚಾಚಿ ಮಾವನ ಅಂಗೈ ಹಿಡಿದುಕೊಂಡ. ಜೀಪು ಮದ್ದೂರಿನ ಕಡೆ ಹೊರಟಿತು.